ಕೇರಿ ಹುಡುಗ ಗೇಮ್ ಆಡಿದ್ರೆ ನಿಮಗೇಕೆ ಉರಿ?

ಪೋಸ್ಟ್ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಹೋದ ವಾರ ನಮ್ಮ ತಾಲ್ಲೂಕಿನ ಒಂದು ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ್ದೆ. ನಮ್ಮ ಕೇರಿಯ ಹುಡುಗ, ಡಿಪ್ಲೊಮಾ ಎರಡನೇ ವರ್ಷ. ಹಳೇ ಆಫೀಸ್ ಕಂಪ್ಯೂಟರನ್ನ ತಾನೇ ಬಿಚ್ಚಿ, ಗ್ರಾಫಿಕ್ಸ್ ಕಾರ್ಡ್ ಕೂರಿಸಿ, ಜಿಟಿಎ 5 ಆಡ್ತಾ ಕೂತಿದ್ದಾನೆ. ಅಷ್ಟೇ ಫೋಟೋ. ಮೊದಲ ಉತ್ತರ ಏನು ಗೊತ್ತಾ? "ಸ್ಕಾಲರ್‌ಶಿಪ್ ದುಡ್ಡು ಎಲ್ಲಿಗೆ ಹೋಗ್ತಿದೆ ಅಂತ ಈಗ ಗೊತ್ತಾಯ್ತು." ಅದಕ್ಕೆ ಹನ್ನೊಂದು ಜನ ನಕ್ಕಿದ್ದಾರೆ. ಅದರ ಕೆಳಗೆ ನಮ್ಮವರೇ ಒಬ್ಬ ಹಿರಿಯರು, "ಬಾಬಾಸಾಹೇಬರು ಓದಿ ಅಂದ್ರು, ಆಟ ಆಡಿ ಅನ್ನಲಿಲ್ಲ" ಅಂತ ಬರೆದಿದ್ದಾರೆ.

ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ.

ಮೊದಲು ನಕ್ಕವರಿಗೆ. ಸ್ವಾಮಿ, ಆ ಹುಡುಗನ ಈ ವರ್ಷದ ಸ್ಕಾಲರ್‌ಶಿಪ್ ಇನ್ನೂ ಬಂದೇ ಇಲ್ಲ. ದುಡ್ಡು ಬಂದಿದ್ದು ಕೇಟರಿಂಗ್ ಕೆಲಸದಿಂದ. ನಿಮ್ಮ ಮನೆ ಮದುವೆಗಳಲ್ಲಿ ನೀವು ಉಂಡು ಎದ್ದ ಮೇಲೆ ಎಲೆ ಎತ್ತುತ್ತಾರಲ್ಲ, ಆ ಕೆಲಸ. ನಿಮ್ಮ ಮಗ ಲಕ್ಷ ರೂಪಾಯಿ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡ್ರೆ ಅದು ಹವ್ಯಾಸ, "ಟೆಕ್ನಾಲಜಿ ಇಂಟರೆಸ್ಟ್". ನಮ್ಮ ಹುಡುಗ ಎಲೆ ಎತ್ತಿದ ದುಡ್ಡಲ್ಲಿ ಹಳೇ ಕಾರ್ಡ್ ತಂದ್ರೆ ಅದು ಸರ್ಕಾರದ ದುಡ್ಡಿನ ದುರುಪಯೋಗ. ಇದು ದುಡ್ಡಿನ ಲೆಕ್ಕ ಅಲ್ಲ, ಜಾತಿ ಲೆಕ್ಕ. ದಲಿತ ಅಂದ್ರೆ ಒಂದೋ ದುಡೀತಿರಬೇಕು, ಇಲ್ಲಾ ಓದ್ತಿರಬೇಕು, ಅದೂ ಇಲ್ಲಾಂದ್ರೆ ಅಳ್ತಿರಬೇಕು. ಸುಮ್ಮನೆ ಖುಷಿಯಾಗಿ ಕೂತ್ರೆ ನಿಮ್ಮ ಕಣ್ಣಿಗೆ ಚುಚ್ಚುತ್ತೆ.

ಇದು ಹೊಸ ರೋಗ ಅಲ್ಲ. ಧಾರವಾಡದಲ್ಲಿ ಹುಟ್ಟಿದ ಪಲವಂಕರ್ ಬಾಲೂ ಅನ್ನೋ ಬೌಲರ್ ಹೆಸರು ಕೇಳಿದ್ದೀರಾ? ಚಮ್ಮಾರ ಸಮುದಾಯದವರು. ಪುಣೆಯ ಇಂಗ್ಲಿಷರ ಕ್ಲಬ್‌ನಲ್ಲಿ ಪಿಚ್ ನೋಡಿಕೊಳ್ತಿದ್ರು, ಸಾಹೇಬರಿಗೆ ನೆಟ್‌ನಲ್ಲಿ ಗಂಟೆಗಟ್ಟಲೆ ಬೌಲಿಂಗ್ ಹಾಕ್ತಿದ್ರು. ಬ್ಯಾಟ್ ಮಾತ್ರ ಅವರ ಕೈಗೆ ಕೊಡ್ತಿರಲಿಲ್ಲ. ಆಮೇಲೆ ಹಿಂದೂಗಳ ತಂಡಕ್ಕೆ ಅವರ ವಿಕೆಟ್ ಬೇಕಾಯ್ತು, ಸೇರಿಸಿಕೊಂಡ್ರು. ಆದರೂ ಟೀ ಮಾತ್ರ ಹೊರಗಡೆ, ಬೇರೆ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ ಆ ಮನುಷ್ಯನಿಗೆ ನಾಯಕನ ಪಟ್ಟ ಸಿಗಲೇ ಇಲ್ಲ. ಅವರ ತಮ್ಮ ವಿಠ್ಠಲ್ ನಾಯಕರಾಗೋಕೆ 1923 ಬರಬೇಕಾಯ್ತು.

ಪಿಚ್ ಸರಿ ಮಾಡೋಕೆ ನಾವು ಬೇಕು, ಬ್ಯಾಟ್ ಹಿಡಿಯೋಕೆ ಬೇಡ. ಇವತ್ತೂ ಅದೇ ಕತೆ. ಬಂಗಾರಪೇಟೆ, ಮಾಲೂರು ಕಡೆಯಿಂದ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡಲ್ಲಿ ಇಳಿಯೋ ಹೌಸ್‌ಕೀಪಿಂಗ್ ಹೆಂಗಸರನ್ನ, ಗಂಡಸರನ್ನ ನೋಡಿ. ಆಫೀಸಿನ ಕಂಪ್ಯೂಟರಿನ ಧೂಳು ಒರೆಸೋರು ಅವರೇ. ಅದೇ ಕಂಪ್ಯೂಟರ್ ಗುಜರಿಗೆ ಬಿದ್ದಾಗ ವೈರ್ ಸುಟ್ಟು, ಹೊಗೆ ಕುಡಿದು ತಾಮ್ರ ತೆಗೆಯೋರೂ ನಮ್ಮಂಥ ಕೇರಿಗಳ ಜನಾನೇ. ಒರೆಸೋವಾಗ ಹುಟ್ಟದ ಪ್ರಶ್ನೆ, ಸುಡೋವಾಗ ಹುಟ್ಟದ ಪ್ರಶ್ನೆ, ಮುಂದೆ ಕೂತು ಆಡಿದಾಗ ಮಾತ್ರ ಹುಟ್ಟುತ್ತೆ!

ಈ ಹುಡುಗನ ಕಂಪ್ಯೂಟರ್ ಬಂದಿದ್ದೂ ಅಂಥ ಕಡೆಯಿಂದಾನೇ. ಅವರಪ್ಪ ಕೆಲಸ ಮಾಡೋ ಕಂಪನಿ ಹಳೇ ಡೆಸ್ಕ್‌ಟಾಪ್‌ಗಳನ್ನ ತೆಗೆದು ಹಾಕ್ತು, ಇವರು 4,000ಕ್ಕೆ ಒಂದು ತಂದ್ರು. ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಕಂಪನಿ ಯಾಕೆ ಎಸೀತು? ಕೆಟ್ಟಿತ್ತು ಅಂತಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದ್ರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು ಅಂತ ಮೈಕ್ರೋಸಾಫ್ಟ್ ಷರತ್ತು ಹಾಕ್ತು, ವಿಂಡೋಸ್ 10ರ ಬೆಂಬಲವನ್ನ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸ್ತು. ಅಷ್ಟಕ್ಕೇ ಚೆನ್ನಾಗಿರೋ ಮಿಷಿನ್‌ಗಳು ಗುಜರಿ ಆಗೋದ್ವು.

ನಮ್ಮೂರ ಕಂಪ್ಯೂಟರ್ ಅಂಗಡಿಯವರು ಇದನ್ನ ನೋಡಿ, "ಇದರಲ್ಲಿ ಏನೂ ಆಗಲ್ಲ, ಹೊಸದು ತಗೋ, ಇಎಂಐ ಇದೆ" ಅಂದ್ರಂತೆ. ಯೂಟ್ಯೂಬ್ ನೋಡಿದ್ರೆ ಅಲ್ಲಿ "ಬಜೆಟ್ ಪಿಸಿ" ಅಂದ್ರೇನೇ ಐವತ್ತು ಸಾವಿರ. ಯಾರ ಬಜೆಟ್ ಅಣ್ಣ ಅದು? ನಮ್ಮ ಹುಡುಗನಿಗೆ ಆದ ಖರ್ಚು ಇಲ್ಲಿದೆ. ಇದನ್ನ ಎಲ್ಲ ಹುಡುಗರಿಗೂ ಕಳಿಸಿ.

ಮೊದಲು 240 ಜಿಬಿ ಎಸ್‌ಎಸ್‌ಡಿ, 1,500 ರೂಪಾಯಿ. ಇದರಿಂದ ಗೇಮಿನ ಫ್ರೇಮ್ ಜಾಸ್ತಿ ಆಗಲ್ಲ, ಆದ್ರೆ ಕಂಪ್ಯೂಟರಿಗೆ ಜೀವ ಬರುತ್ತೆ. ಹಳೇ ಹಾರ್ಡ್ ಡಿಸ್ಕ್ ಎಸೀಬೇಡಿ, ದೊಡ್ಡ ಫೈಲ್ ಇಡೋಕೆ ಇರಲಿ.

ಎರಡನೇದು ರ‍್ಯಾಮ್. ಒಂದೇ 8 ಜಿಬಿ ಕಡ್ಡಿ ಇತ್ತು, ಅಂಥದ್ದೇ ಇನ್ನೊಂದು ಸೆಕೆಂಡ್ ಹ್ಯಾಂಡ್ ಹಾಕಿದ್ವಿ, 700 ರೂಪಾಯಿ. ಎರಡು ಕಡ್ಡಿ ಜೋಡಿಯಾಗಿ ಕೆಲಸ ಮಾಡಿದ್ರೆ ವೇಗ ಜಾಸ್ತಿ. ಈ ಕಾಲದ ಮಿಷಿನ್‌ಗೆ ಡಿಡಿಆರ್3 ಬೇಕು. ಡಿಡಿಆರ್4 ಕೂರೋದೇ ಇಲ್ಲ, ಬಲವಂತ ಮಾಡಬೇಡಿ.

ಮೂರನೇದು ಮುಖ್ಯ, ಗ್ರಾಫಿಕ್ಸ್ ಕಾರ್ಡ್. ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ, 4 ಜಿಬಿ, 4,000 ರೂಪಾಯಿ. ಯಾಕೆ ಇದೇ? ಆಫೀಸ್ ಕಂಪ್ಯೂಟರಿನ ಪವರ್ ಸಪ್ಲೈ ಚಿಕ್ಕದು, ಗ್ರಾಫಿಕ್ಸ್ ಕಾರ್ಡಿಗೆ ಅಂತ ಬೇರೆ ವೈರ್ ಇರಲ್ಲ. ಈ ಕಾರ್ಡ್ 75 ವ್ಯಾಟ್‌ನದು. ಇದರ ಬಹಳಷ್ಟು ಮಾದರಿಗಳು ಮದರ್‌ಬೋರ್ಡಿನ ಸ್ಲಾಟಿಂದಲೇ ಕರೆಂಟ್ ತಗೊಳ್ತವೆ, ಬೇರೆ ವೈರ್ ಕೇಳಲ್ಲ. ಆರ್‌ಎಕ್ಸ್ 580 ಇದಕ್ಕಿಂತ ಜೋರು ಅಂತ ಆಸೆ ತೋರಿಸ್ತಾರೆ. ಅದು 185 ವ್ಯಾಟ್, ವೈರ್ ಬೇರೆ ಬೇಕು. ಪವರ್ ಸಪ್ಲೈ ಬದಲಾಯಿಸ್ತೀನಿ ಅಂದ್ರೆ, ಡೆಲ್ ಥರದ ಆಫೀಸ್ ಮಿಷಿನ್‌ಗಳಲ್ಲಿ ಕನೆಕ್ಟರ್ ಬೇರೆ ರೀತಿ ಇರುತ್ತೆ, ಮಾಮೂಲಿದು ನೇರವಾಗಿ ಹೊಂದಲ್ಲ. ಮತ್ತೆ, ನಿಮ್ಮದು ತೆಳು ಡಬ್ಬ ಆದ್ರೆ ಕುಳ್ಳ ಕಾರ್ಡೇ ಬೇಕು. ಅಳತೆ ತಗೊಂಡೇ ಬಸ್ ಹತ್ತಿ.

ಒಂದು ಎಚ್ಚರಿಕೆ. ಹಳೇ ಕಾರ್ಡಿಗೆ ಹೊಸ ಹೆಸರು ಬರೆದು ಮಾರೋ ಮೋಸ ಇದೆ. ಜಿಪಿಯು-ಝಡ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ನೋಡಿ, ಅಂಥ ಕಾರ್ಡನ್ನ ಸಾಮಾನ್ಯವಾಗಿ ಅದು ನಕಲಿ ಅಂತಲೇ ತೋರಿಸುತ್ತೆ. ಅಂಗಡಿಯಲ್ಲೇ ಹದಿನೈದು ನಿಮಿಷ ಗೇಮ್ ಓಡಿಸಿ, ಆಮೇಲೆ ದುಡ್ಡು ಕೊಡಿ. "ನಿನಗೇನೋ ಗೊತ್ತು" ಅಂತ ಗದರಿದ್ರೆ ಪಕ್ಕದ ಅಂಗಡಿಗೆ ಹೋಗಿ, ಆ ರೋಡಲ್ಲಿ ಅಂಗಡಿಗೇನು ಬರ ಇಲ್ಲ.

ಕೊನೇದು, ಒಳಗಿನ ಧೂಳು ತೆಗೆದು ಪ್ರೊಸೆಸರ್ ಮೇಲೆ ಹೊಸ ಥರ್ಮಲ್ ಪೇಸ್ಟ್, 150 ರೂಪಾಯಿ. ಒಟ್ಟು 6,350. ಕಂಪ್ಯೂಟರ್ ಸೇರಿ 10,350.

ವಿಂಡೋಸ್ 10ಕ್ಕೆ ನೋಂದಾಯಿಸಿಕೊಂಡ್ರೆ 2026ರ ಅಕ್ಟೋಬರ್ ತನಕ ಸೆಕ್ಯುರಿಟಿ ಅಪ್‌ಡೇಟ್ ಬರುತ್ತೆ. ಅದು ಬೇಡ ಅಂದ್ರೆ ಲಿನಕ್ಸ್ ಮಿಂಟ್ ಪುಕ್ಕಟೆ. ಸ್ಟೀಮ್‌ನ ಪ್ರೋಟಾನ್ ಇಂದ ವಿಂಡೋಸ್‌ನ ಎಷ್ಟೋ ಗೇಮ್‌ಗಳು ಅದರಲ್ಲೇ ಓಡ್ತವೆ. ವ್ಯಾಲೊರೆಂಟ್ ಮಾತ್ರ ಓಡಲ್ಲ, ಮೊದಲೇ ಹೇಳಿದ್ದೀನಿ.

ಈಗ ನಮ್ಮ ಹಿರಿಯರಿಗೆ. ಅಣ್ಣ, ನಿಮ್ಮ ಮೇಲೆ ಗೌರವ ಇದೆ. ನೀವು ಜೈಲಿಗೆ ಹೋಗಿ ಬಂದಿದ್ದಕ್ಕೆ ನಾವು ಇವತ್ತು ಹೋಟೆಲ್ ಒಳಗೆ ಕೂತು ಟೀ ಕುಡೀತೀವಿ. ಆದರೆ ನಿಮ್ಮ ಮಾತನ್ನ ಒಪ್ಪಲ್ಲ. "ಗೇಮಿಂದ ಮನೆ ಹಾಳಾಗುತ್ತೆ" ಅಂದ್ರಿ. ಮನೆ ಹಾಳು ಮಾಡಿದ್ದು ದುಡ್ಡು ಕಟ್ಟಿ ಆಡೋ ರಮ್ಮಿ, ಬೆಟ್ಟಿಂಗ್. 2025ರಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾನೂನು ಕೂಡ ಆ ಜೂಜನ್ನ ನಿಷೇಧಿಸಿ, ಇ-ಸ್ಪೋರ್ಟ್ಸನ್ನ ಬೇರೆ ಅಂತಲೇ ನೋಡಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

"ಆಡಿ ಆಡಿ ನಾಳೆ ಅವನು ಎಂಜಿನಿಯರ್ ಆಗ್ತಾನೆ" ಅಂತ ಹೇಳಿ ನಿಮ್ಮನ್ನ ಒಪ್ಪಿಸೋದು ಸುಲಭ. ಬೇಕಂತಲೇ ಹೇಳಲ್ಲ. ಆಗಬಹುದು, ಆಗದೇನೂ ಇರಬಹುದು. ನಮ್ಮ ಮಕ್ಕಳ ಪ್ರತಿ ಖುಷಿಗೂ ಒಂದು ಲಾಭದ ಸರ್ಟಿಫಿಕೇಟ್ ಯಾಕೆ ತೋರಿಸಬೇಕು? ಬೇರೆಯವರ ಮಕ್ಕಳು ಸುಮ್ಮನೆ ಆಡ್ತಾರೆ. ನಮ್ಮವರೂ ಸುಮ್ಮನೆ ಆಡಲಿ. ಬಾಬಾಸಾಹೇಬರು ಸಮಾನತೆ ಕೇಳಿದ್ದು ಪರೀಕ್ಷೆ ಹಾಲಿಗೆ ಮಾತ್ರ ಅಲ್ಲ. ಮಹಾಡ್‌ನಲ್ಲಿ 1927ರಲ್ಲಿ ಕೆರೆಗೆ ಇಳಿದಿದ್ದು ಬರೀ ಬಾಯಾರಿಕೆಗಾ? ಎಲ್ಲರಿಗೂ ಇರೋದು ನಮಗೂ ಇದೆ ಅಂತ ತೋರಿಸೋಕೆ.

ಹಂಗಾಗಿ ಎರಡು ಬೇಡಿಕೆ. ಒಂದು, ಐಟಿಯಲ್ಲಿರೋ ನಮ್ಮ ಬಂಧುಗಳಿಗೆ: ನಿಮ್ಮ ಆಫೀಸಲ್ಲಿ ಡೆಸ್ಕ್‌ಟಾಪ್ ತೆಗೆದು ಹಾಕೋವಾಗ ಗುಜರಿಗೆ ಹೋಗೋ ಮೊದಲು ಒಂದು ಮಾತು ಕೇಳಿ, ಡಿಸ್ಕ್ ತೆಗೆದೇ ಕೊಡಲಿ, ಪರವಾಗಿಲ್ಲ. ಎರಡು, ನಮ್ಮ ಸಂಘಟನೆಯ ಗೆಳೆಯರಿಗೆ: ವರ್ಷಕ್ಕೊಮ್ಮೆ ಏಪ್ರಿಲ್ 14ಕ್ಕೆ ಬೀಗ ತೆಗೆಯೋ ಅಂಬೇಡ್ಕರ್ ಭವನಗಳಿವೆಯಲ್ಲ, ಅಲ್ಲಿ ನಾಲ್ಕು ಮಿಷಿನ್ ಇಡಿ. ಬೆಳಿಗ್ಗೆ ಪ್ರಾಜೆಕ್ಟ್ ಮಾಡಲಿ, ಸಂಜೆ ಆಡಲಿ. ಹೆಣ್ಣು ಮಕ್ಕಳಿಗೂ ಪಾಳಿ ಇರಲಿ, ಅವರಿಗೆ ಆಟ ಇನ್ನೂ ದೂರ ಇದೆ.

ಯಾವ ಕಾರ್ಡ್ ಹೊಂದುತ್ತೆ ಅಂತ ಗೊತ್ತಾಗದವರು ಕಂಪ್ಯೂಟರಿನ ಮಾಡೆಲ್ ನಂಬರನ್ನ ಕಾಮೆಂಟಲ್ಲಿ ಹಾಕಿ. ನೋಡಿ ಹೇಳೋನು ಆ ಹುಡುಗಾನೇ.

ಜೈ ಭೀಮ್.