ಪಾಲಿಶ್ ಅಂದರೆ ಬಳಿಯುವುದಲ್ಲ, ಕೆರೆಯುವುದು

ನಮ್ಮ ಊರುಗಳಿಗೆ ಸೆಕೆಂಡ್ ಹ್ಯಾಂಡ್ ಕಾರು ಬಂದು ಬಹಳ ವರ್ಷವಾಯಿತು. ಒಬ್ಬರು ಹಳದಿ ಬೋರ್ಡ್ ಹಾಕಿ ಬಾಡಿಗೆಗೆ ಓಡಿಸುತ್ತಾರೆ. ಇನ್ನೊಬ್ಬರು ಸಾಲ ಮಾಡಿ ಮನೆಮಂದಿಗೆ ಅಂತ ತಂದಿದ್ದಾರೆ. ಸ್ವಲ್ಪ ದಿನ ಕಳೆದ ಮೇಲೆ ಎಲ್ಲರದೂ ಒಂದೇ ದೂರು. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ಮೇಲೆ ಜೇಡರಬಲೆಯಂಥ ಗೆರೆಗಳು. ಬಾಗಿಲಿನ ಉದ್ದಕ್ಕೂ ಜಾಲಿ ಮುಳ್ಳು ಎಳೆದ ಗೀರುಗಳು. ಧೂಳು ಕೂತ ಡಿಕ್ಕಿಯ ಮೇಲೆ ಮಕ್ಕಳು ಬೆರಳಲ್ಲಿ ಬರೆದ ಹೆಸರು ತೊಳೆದ ಮೇಲೂ ಹೋಗಿಲ್ಲ.

ಆಗ ನೆನಪಾಗುವುದು ಪೇಟೆಯ ಪಾಲಿಶ್ ಅಂಗಡಿ. ಸಾವಿರಗಟ್ಟಲೆ ಕೊಟ್ಟು ಬರುತ್ತೇವೆ. ಕಾರು ಕನ್ನಡಿಯಂತಾಗುತ್ತದೆ. ಮುಂದಿನ ಹಬ್ಬಕ್ಕೆ ಮತ್ತೆ ಅದೇ ಗೆರೆ, ಮತ್ತೆ ಅದೇ ಅಂಗಡಿ. ಈ ಸುತ್ತಾಟ ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ. ದುಡ್ಡು ದಂಡ ಅನ್ನುವುದೊಂದೇ ಕಾರಣವಲ್ಲ. ಪ್ರತಿ ಸಲ ಪಾಲಿಶ್ ಮಾಡಿಸಿದಾಗಲೂ ಕಾರಿನಿಂದ ಮತ್ತೆ ಬಾರದ ಒಂದು ವಸ್ತು ಹೋಗುತ್ತಿರುತ್ತದೆ.

ಅದೇನು ಅಂತ ನೋಡೋಣ. ಈಗಿನ ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪ್ರೈಮರ್ ಇರುತ್ತದೆ. ಅದರ ಮೇಲೆ ಬಣ್ಣ. ಎಲ್ಲಕ್ಕಿಂತ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಪದರ. ಇದನ್ನು ಕ್ಲಿಯರ್ ಕೋಟ್ ಅನ್ನುತ್ತಾರೆ. ಇವೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. 1000 ಮೈಕ್ರಾನ್ ಅಂದರೆ 1 ಮಿಲಿಮೀಟರ್. ಒಂದು ಜೆರಾಕ್ಸ್ ಹಾಳೆಯೇ ಸುಮಾರು 100 ಮೈಕ್ರಾನ್ ಇರುತ್ತದೆ. ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ಆ ಹಾಳೆಯ ಅರ್ಧದಷ್ಟು. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಇದೇ ತೆಳುಪದರ.

ನಾವು ನೋಡುವ ಗೆರೆಗಳಲ್ಲಿ ಹೆಚ್ಚಿನವು ಈ ಕ್ಲಿಯರ್ ಕೋಟ್‌ನಲ್ಲೇ ಇರುತ್ತವೆ, ಬಣ್ಣಕ್ಕೆ ಇಳಿದಿರುವುದಿಲ್ಲ. ಬಿಸಿಲಲ್ಲಿ ಅವು ಸುತ್ತು ಸುತ್ತಾಗಿ ಕಾಣುತ್ತವೆ. ನಿಜವಾಗಿ ಗೆರೆಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಹೊಳೆಯುವುದರಿಂದ ಸೂರ್ಯನ ಬಿಂಬದ ಸುತ್ತ ಬಲೆ ಹೆಣೆದಂತೆ ಕಾಣುತ್ತದೆ.

ಪಾಲಿಶ್ ಈ ಗೆರೆಗಳನ್ನು ತುಂಬುವುದಿಲ್ಲ. ಕಾಂಪೌಂಡ್‌ನಲ್ಲಿರುವ ಸಣ್ಣ ಸಣ್ಣ ಕಣಗಳು ಗೆರೆಯ ಸುತ್ತಲಿನ ಕ್ಲಿಯರ್ ಕೋಟ್ ಅನ್ನೇ ಸವೆಸಿ ಸಮ ಮಾಡುತ್ತವೆ. ಗುಂಡಿ ಮುಚ್ಚುವ ಬದಲು ಗುಂಡಿಯ ಮಟ್ಟಕ್ಕೆ ಇಡೀ ಹೊಲವನ್ನೇ ತಗ್ಗಿಸಿದ ಹಾಗೆ. ಒಂದು ಸಲಕ್ಕೆ ಹೋಗುವುದು ಕೆಲವೇ ಮೈಕ್ರಾನ್ ಇರಬಹುದು. ಆದರೆ ಇರುವುದೇ ನಲವತ್ತೋ ಐವತ್ತೋ. ವರ್ಷಕ್ಕೆರಡು ಸಲ ಕೆರೆಸಿದರೆ ಎಷ್ಟು ವರ್ಷ ಉಳಿದೀತು? ಪದರ ತೀರಾ ತೆಳುವಾದ ಮೇಲೆ ಬಿಸಿಲಿಗೆ ಸೋಲುತ್ತದೆ. ಟಾಪ್ ಮತ್ತು ಬಾನೆಟ್ ಮೇಲೆ ಬಿಳಿ ಮಚ್ಚೆ ಬಿದ್ದು ಸಿಪ್ಪೆ ಏಳುತ್ತದೆ. ಅಲ್ಲಿಂದಾಚೆಗೆ ಯಾವ ಪಾಲಿಶೂ ನಡೆಯುವುದಿಲ್ಲ, ಮರಳಿ ಪೇಂಟ್ ಮಾಡಿಸುವುದೊಂದೇ ದಾರಿ.

ಹಾಗಾದರೆ ಪಾಲಿಶ್ ಬೇಡವೇ? ಬೇಡ ಅಂತ ಹೇಳುತ್ತಿಲ್ಲ. ತೀರಾ ಮಂಕಾದ ಕಾರಿಗೆ ಒಮ್ಮೆ ಸರಿಯಾಗಿ ಮಾಡಿಸಿದರೆ ಅದು ನಿಜಕ್ಕೂ ಹೊಸ ಜೀವ ಕೊಡುತ್ತದೆ. ಆದರೆ ಕೊಡುವ ಮೊದಲು ನಾವು ನೋಡಬೇಕಾದದ್ದು ಇದೆ.

ಮೊದಲನೆಯದು ಉಗುರಿನ ಪರೀಕ್ಷೆ. ತೊಳೆದು ಒರೆಸಿದ ಮೇಲೆ ಗೀರಿನ ಅಡ್ಡಕ್ಕೆ ಉಗುರು ಎಳೆಯಿರಿ. ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ಗೆ ಹೋಗುವ ಸಾಧ್ಯತೆ ಹೆಚ್ಚು. ಸಿಕ್ಕಿಕೊಂಡರೆ ಅದು ಆಳದ ಗೀರು. ಅದನ್ನು ಪೂರ್ತಿ ತೆಗೆಯಲು ಹೋದರೆ ಕ್ಲಿಯರ್ ಕೋಟೇ ಹೋದೀತು. ಅಂಚು ಸ್ವಲ್ಪ ಮೆತ್ತಗಾಗಿಸಿ ಬಿಟ್ಟುಬಿಡುವುದು ಜಾಣತನ. ಬಿಳಿ ಪ್ರೈಮರ್ ಅಥವಾ ತಗಡು ಕಾಣುತ್ತಿದ್ದರೆ ತುಕ್ಕು ಹಿಡಿಯುವ ಮೊದಲೇ ಟಚ್ ಅಪ್ ಬಣ್ಣ ಹಚ್ಚಬೇಕು.

ಎರಡನೆಯದು ಮೆಷಿನ್. ಒಂದೇ ಕಡೆ ಗಿರಗಿರ ತಿರುಗುವ ರೋಟರಿ ಮೆಷಿನ್ ಬೇಗ ಕೆಲಸ ಮಾಡುತ್ತದೆ, ಪಳಗದ ಕೈಗೆ ಸಿಕ್ಕರೆ ಬೇಗ ಸುಡುತ್ತದೆ. ಬಾಗಿಲಿನ ಅಂಚು, ಬಾನೆಟ್‌ನ ಮಡಿಕೆಗಳ ಮೇಲೆ ಅಪಾಯ ಇನ್ನೂ ಹೆಚ್ಚು. ತಿರುಗುತ್ತಲೇ ಅಲುಗಾಡುವ ಡ್ಯುಯಲ್ ಆಕ್ಷನ್ ಮೆಷಿನ್ ನಿಧಾನ, ಆದರೆ ಸುರಕ್ಷಿತ. ಒಳ್ಳೆಯ ಕೆಲಸಗಾರ ಮೊದಲು ಒಂದು ಅಂಗೈಯಗಲ ಜಾಗದಲ್ಲಿ ಮೃದುವಾದ ಪ್ಯಾಡ್, ಸಣ್ಣ ಪಾಲಿಶ್ ಹಾಕಿ ನೋಡುತ್ತಾನೆ. ಸಾಲದಿದ್ದರೆ ಮಾತ್ರ ಗಡಸು ಕಾಂಪೌಂಡ್‌ಗೆ ಹೋಗುತ್ತಾನೆ. ನೇರವಾಗಿ ಗಡಸಿಗೆ ಕೈ ಹಾಕುವವರ ಬಳಿ ಕಾರು ಬಿಡಬೇಡಿ.

ಮೂರನೆಯದು ಮರೆಮಾಚುವ ಹೊಳಪು. ಕೆಲವು ಗ್ಲೇಜ್‌ಗಳಲ್ಲಿ ಎಣ್ಣೆ, ಫಿಲ್ಲರ್ ಇರುತ್ತವೆ. ಗೆರೆಯೊಳಗೆ ಕೂತು ಅದನ್ನು ಮುಚ್ಚುತ್ತವೆ. ನಾಲ್ಕಾರು ಸಲ ತೊಳೆದರೆ ಗೆರೆ ಮತ್ತೆ ಹಾಜರ್. ಗ್ಲೇಜ್ ಹಚ್ಚುವುದು ತಪ್ಪಲ್ಲ, ಕ್ಲಿಯರ್ ಕೋಟ್ ತೆಳುವಾಗಿರುವ ಕಾರಿಗೆ ಅದೇ ಮೇಲು. ಆದರೆ ಅದನ್ನು ಹಚ್ಚಿ "ಗೆರೆ ತೆಗೆದೆವು" ಅಂತ ದುಡ್ಡು ತೆಗೆದುಕೊಳ್ಳುವುದು ಮೋಸ. ಕೊಂಡುಕೊಳ್ಳುವಾಗಲೂ ಇದು ನೆನಪಿರಲಿ. ಮಿರಮಿರ ಮಿಂಚುವ ಹಳೆ ಕಾರನ್ನು ಶೋರೂಮಿನ ನೆರಳಲ್ಲಿ ನೋಡಬೇಡಿ, ಹೊರಗೆ ಬಿಸಿಲಿಗೆ ತರಿಸಿ. ಬಾಗಿಲಿನ ರಬ್ಬರ್ ಮೇಲೆ ಬಣ್ಣದ ಹನಿ ಇದೆಯೇ, ಎರಡು ಬಾಗಿಲಿನ ಬಣ್ಣ ಒಂದೇ ಥರ ಇದೆಯೇ ನೋಡಿ.

"ಕಾರು ಓಡಾಡೋಕೆ ಕಣ್ರಿ, ನೋಡೋಕಲ್ಲ" ಅನ್ನುವವರು ಇದ್ದಾರೆ. ಒಪ್ಪುತ್ತೇನೆ. ಜಾಲಿ ಬೇಲಿಯ ದಾರಿಯಲ್ಲಿ ದಿನಾ ಓಡಾಡುವ ಕಾರಿಗೆ ಗೀರು ಬಿದ್ದೇ ಬೀಳುತ್ತದೆ, ಅದಕ್ಕೆ ನಾಚಬೇಕಿಲ್ಲ. ಆದರೆ ಬಾಡಿಗೆ ಓಡಿಸುವವರಿಗೆ ಆ ಕಾರೇ ಬಂಡವಾಳ. ನಾಳೆ ಮಾರುವಾಗ ದಲ್ಲಾಳಿ ಮೊದಲು ನೋಡುವುದೇ ಬಾಡಿಯನ್ನು. ಸಣ್ಣ ಗೆರೆಗಳಿರುವ ಕಂಪನಿ ಪೇಂಟ್‌ಗೆ ಇರುವ ಬೆಲೆ ಸಿಪ್ಪೆ ಎದ್ದು ಮತ್ತೆ ಬಳಿಸಿದ ಪೇಂಟ್‌ಗೆ ಇರುವುದಿಲ್ಲ. ಹಾಗಾಗಿ ಇದು ಶೋಕಿಯ ಮಾತಲ್ಲ, ಹೊಟ್ಟೆಪಾಡಿನ ಮಾತು.

ಇಷ್ಟಕ್ಕೂ ಈ ಬಲೆಯಂಥ ಗೆರೆ ಹಾಕುತ್ತಿರುವವರು ಯಾರು? ಹೆಚ್ಚಿನ ಪಾಲು ನಾವೇ. ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಧೂಳು ಒರೆಸುತ್ತೇವೆ. ಆ ಧೂಳಿನಲ್ಲಿ ಸಣ್ಣ ಮರಳಿರುತ್ತದೆ, ಮರಳು ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ಹಳೆ ಪಂಚೆ ಎಷ್ಟೇ ಮೃದುವಾಗಿದ್ದರೂ ಅದರಡಿ ಸಿಕ್ಕ ಮರಳು ಉಪ್ಪು ಕಾಗದದ ಕೆಲಸ ಮಾಡುತ್ತದೆ. ಗಾಳಿಗೆ ಪಟಪಟ ಬಡಿಯುವ ಟಾರ್ಪಾಲೂ ಅಷ್ಟೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಅಂತೂ ಹತ್ತಿರ ಸುಳಿಯಬಾರದು.

ಇದಕ್ಕೆ ಮದ್ದು ಎರಡು ಬಕೆಟ್. ಮೊದಲು ಬರೀ ನೀರು ಸುರಿದು ಧೂಳು ಇಳಿಸಿ. ಒಂದು ಬಕೆಟ್‌ನಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೈಕ್ರೋಫೈಬರ್ ಬಟ್ಟೆಯಲ್ಲಿ ಟಾಪ್‌ನಿಂದ ಶುರುಮಾಡಿ ಕೆಳಗೆ ಬನ್ನಿ. ಚಕ್ರಕ್ಕೆ ಬೇರೆ ಬಟ್ಟೆ. ಬಟ್ಟೆ ನೆಲಕ್ಕೆ ಬಿದ್ದರೆ ಚೆನ್ನಾಗಿ ಜಾಲಿಸದೆ ಮತ್ತೆ ಮುಟ್ಟಿಸಬೇಡಿ. ಬೋರ್‌ವೆಲ್‌ನ ಗಡಸು ನೀರಾದರೆ ಬಿಸಿಲಲ್ಲಿ ತೊಳೆಯಬೇಡಿ, ತೊಳೆದ ತಕ್ಷಣ ಒರೆಸಿ. ಇಲ್ಲದಿದ್ದರೆ ಬಿಳಿ ಸುಣ್ಣದ ಕಲೆ ಕೂರುತ್ತದೆ. ಹಕ್ಕಿ ಹಿಕ್ಕೆ ಬಿದ್ದರೆ ಕೆರೆಯದೆ ಒದ್ದೆ ಬಟ್ಟೆ ಹಾಕಿ ನೆನೆಸಿ ತೆಗೆಯಿರಿ.

ವಾಟರ್ ಸರ್ವಿಸ್ ಅಂಗಡಿಯ ಹುಡುಗರನ್ನು ಬೈಯುವುದು ಸುಲಭ. ದಿನಕ್ಕೆ ಇಷ್ಟು ಗಾಡಿ ತೊಳೆಯಲೇಬೇಕು, ಇರುವುದೊಂದೇ ಬಟ್ಟೆ ಅಂದರೆ ಅವರಾದರೂ ಏನು ಮಾಡಿಯಾರು? ಒಳ್ಳೆ ಬಟ್ಟೆ ಕೊಡಬೇಕಾದ್ದು ಮಾಲೀಕರು. ಅಲ್ಲಿಯವರೆಗೆ ನಮ್ಮ ಬಟ್ಟೆ ನಾವೇ ಒಯ್ಯೋಣ. ಪಾಲಿಶ್ ಅಂಗಡಿಯವರಿಂದಲೂ ಕೇಳಬೇಕಾದ್ದು ಒಂದಿದೆ: ಗೆರೆ ಕೆರೆದು ತೆಗೆದಿರೋ, ಮುಚ್ಚಿದಿರೋ ಅನ್ನುವುದನ್ನು ಬಿಲ್‌ನಲ್ಲಿ ಬರೆದುಕೊಡಿ. ಹಬ್ಬಕ್ಕೆ ಕಾರು ಹೊಳೆಯಲಿ. ಆದರೆ ಏನನ್ನು ಕಳೆದುಕೊಂಡು ಹೊಳೆಯುತ್ತಿದೆ ಅನ್ನುವುದು ದುಡ್ಡು ಕೊಟ್ಟವರಿಗೆ ಗೊತ್ತಿರಲಿ.