ಮೊಟ್ಟೆ ಕಾಯುವ ಟರಂಟುಲಾ

ಜೇಡ ಕಂಡೊಡನೆ ಪೊರಕೆ ಹುಡುಕುವುದು ನಮ್ಮ ಮನೆಗಳ ರೂಢಿ. ಆದರೆ ಬ್ರಿಟನ್, ಜರ್ಮನಿ, ಅಮೆರಿಕದಂಥ ದೇಶಗಳಲ್ಲಿ ಅಂಗೈ ಅಗಲದ, ಮೈತುಂಬ ರೋಮವಿರುವ ಜೇಡವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅಕ್ಕರೆಯಿಂದ ಸಾಕುವವರಿದ್ದಾರೆ. ಈ ದೈತ್ಯ ಜೇಡಗಳಿಗೆ ಟರಂಟುಲಾ ಎಂದು ಹೆಸರು. ಹೆಸರು ಬಂದದ್ದು ಇಟಲಿಯ ತರಾಂತೊ ಪಟ್ಟಣದಿಂದ. ತಮಾಷೆಯೆಂದರೆ ಆ ಊರಿನಲ್ಲಿ ಹೆಸರು ಪಡೆದ ಮೂಲ ಜೇಡ ಬೇರೆಯೇ ಕುಲದ್ದು. ಹೆಸರು ಮಾತ್ರ ಹಡಗು ಹತ್ತಿ ಹೋಗಿ ಅಮೆರಿಕ ಖಂಡದ ರೋಮಶ ಜೇಡಗಳಿಗೆ ಅಂಟಿಕೊಂಡಿತು.

ಸಾಕುವವರಿಗೆ ಅಚ್ಚುಮೆಚ್ಚಿನದು ಮೆಕ್ಸಿಕೊ ದೇಶದ ಕೆಂಪು ಮಂಡಿಯ ಟರಂಟುಲಾ. ಕಪ್ಪು ಮೈ, ಕಾಲಿನ ಗಂಟುಗಳಲ್ಲಿ ಕಿತ್ತಳೆಗೆಂಪು ಪಟ್ಟಿ. ಸ್ವಭಾವ ಸಾಧು. ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು. ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ಕಾಲ ಉಳಿಯದು. ಹೆಣ್ಣಾದರೋ 20 ವರ್ಷ ಮೀರಿ ಬದುಕುತ್ತದೆ. ಇಂಥ ಹೆಣ್ಣು ಪೆಟ್ಟಿಗೆಯೊಳಗೆ ಮೊಟ್ಟೆಯಿಟ್ಟಿತೆಂದರೆ ಅಲ್ಲಿಂದ ಸಾಕುವವನ ತಾಳ್ಮೆಯ ಪರೀಕ್ಷೆ ಶುರು.

ಕೂಡಿದ ತಕ್ಷಣ ಹೆಣ್ಣು ಮೊಟ್ಟೆ ಇಡುವುದಿಲ್ಲ. ಗಂಡಿನಿಂದ ಪಡೆದ ವೀರ್ಯವನ್ನು ದೇಹದೊಳಗಿನ ಪುಟ್ಟ ಚೀಲಗಳಲ್ಲಿ ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಅದು ಪೊರೆ ಕಳಚಿತೋ, ಆ ಚೀಲಗಳ ಒಳಪದರವೂ ಪೊರೆಯೊಂದಿಗೆ ಹೊರಬಿದ್ದು ಕೂಡಿಟ್ಟದ್ದೆಲ್ಲ ವ್ಯರ್ಥ. ಹಾಗಾಗದಿದ್ದರೆ ಒಂದು ದಿನ ಅದು ಬಿಲದ ಬಾಯಿಗೆ ನೂಲಿನ ಪರದೆ ಎಳೆಯುತ್ತದೆ. ಒಳಗೆ ನೆಲದ ಮೇಲೆ ದಟ್ಟವಾದ ಹಾಸು ನೇಯ್ದು, ಅದರ ಮೇಲೆ ನೂರಾರು ಮೊಟ್ಟೆ ಇಡುತ್ತದೆ. ಕೂಡಿಟ್ಟ ವೀರ್ಯ ಮೊಟ್ಟೆಗಳನ್ನು ಸೇರುವುದು ಆಗಲೇ. ಮೇಲೊಂದು ಪದರ ಹೊದಿಸಿ, ಹಾಸಿನ ಅಂಚುಗಳನ್ನು ಸುತ್ತಲಿಂದ ಎತ್ತಿ ಹೊಲಿದಂತೆ ಮಾಡಿ ಗುಂಡನೆಯ ಗಂಟು ಕಟ್ಟುತ್ತದೆ. ಅದೇ ಮೊಟ್ಟೆಚೀಲ.

ಮುಂದಿನ ಎರಡು ಮೂರು ತಿಂಗಳು ತಾಯಿಗೆ ಬೇರೆ ಕೆಲಸವಿಲ್ಲ. ಚೀಲವನ್ನು ಮೈಯಡಿ ತಬ್ಬಿ ಹಿಡಿದು ಕೂರುತ್ತದೆ. ಆಗಾಗ ಹೊರಳಿಸುತ್ತದೆ. ಹೊರಳಿಸದಿದ್ದರೆ ಮೊಟ್ಟೆಗಳು ಒಂದಕ್ಕೊಂದು ಅಂಟಿ, ತಳದವು ಮೇಲಿನ ಭಾರಕ್ಕೆ ಕೆಟ್ಟುಹೋಗಬಹುದು. ಕಾವು, ತೇವ ಹೆಚ್ಚುಕಡಿಮೆಯಾದರೆ ಚೀಲವನ್ನು ಹೊತ್ತು ಜಾಗ ಬದಲಿಸುತ್ತದೆ. ಊಟ ಬಹುಮಟ್ಟಿಗೆ ಬಿಟ್ಟಂತೆಯೇ. ದಕ್ಷಿಣ ಅಮೆರಿಕದ ಗೋಲಿಯಾತ್ ಟರಂಟುಲಾ ಇನ್ನೂ ಒಂದು ಹೆಜ್ಜೆ ಮುಂದೆ. ತನ್ನ ಹೊಟ್ಟೆಯ ಮೇಲಿನ ತುರಿಕೆ ರೋಮಗಳನ್ನೇ ಉದುರಿಸಿ ಚೀಲದ ನೂಲಿನಲ್ಲಿ ಸೇರಿಸಿ ನೇಯುತ್ತದೆ. ಮೊಟ್ಟೆ ಕದಿಯಲು ಬರುವ ನೊಣದ ಮರಿಗಳಿಗೆ ಅದೇ ಮುಳ್ಳುಬೇಲಿ.

ಹಾಗಾದರೆ ಸಾಕುವವನು ಮಾಡಬೇಕಾದ್ದೇನು? ಹೆಚ್ಚಿನದೇನೂ ಇಲ್ಲ. ಕಷ್ಟವಿರುವುದೇ ಅಲ್ಲಿ. ಪೆಟ್ಟಿಗೆಯನ್ನು ಜನರ ಓಡಾಟವಿಲ್ಲದ, ಮಬ್ಬು ಬೆಳಕಿನ ಮೂಲೆಯಲ್ಲಿಡಬೇಕು. ಬಾಗಿಲು ಬಡಿಯುವ ಸದ್ದು, ಹತ್ತಿರದ ರೇಡಿಯೊದ ಕಂಪನ ಕೂಡ ಅದಕ್ಕೆ ಭೂಕಂಪವಿದ್ದಂತೆ. ಜೇಡ ಲೋಕವನ್ನು ಅರಿಯುವುದು ಕಣ್ಣಿನಿಂದಲ್ಲ, ಕಾಲಿನ ರೋಮಗಳಿಂದ. ಬಟ್ಟಲಲ್ಲಿ ಸದಾ ನೀರಿರಬೇಕು. ಗಾಳಿಯಾಡಬೇಕು, ತೇವ ಅತಿಯಾದರೆ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ. ಹಸಿದಿರಬಹುದೆಂಬ ಮರುಕದಿಂದ ಜೀವಂತ ಚಿಮ್ಮಂಡೆಗಳನ್ನು ಒಳಗೆ ಬಿಟ್ಟುಬರಬಾರದು. ಅವು ಓಡಾಡಿ ತಾಯಿಯನ್ನು ಕಂಗೆಡಿಸುತ್ತವೆ, ಚೀಲವನ್ನೇ ಕಡಿಯಲೂಬಹುದು.

ಒಮ್ಮೆ ನೋಡಿಬಿಡೋಣ ಎಂದು ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆಯುವವರಿಗೆ ಕಾದಿರುವುದು ನಿರಾಸೆ. ಬೆದರಿದ ತಾಯಿ ಒಂದು ರಾತ್ರಿ ಚೀಲವನ್ನು ಹರಿದು ತಿಂದುಬಿಡುತ್ತದೆ! ಬೆಳಿಗ್ಗೆ ಉಳಿದಿರುವುದು ಮುದುಡಿದ ನೂಲಿನ ಚೂರು ಮಾತ್ರ. ಕ್ರೂರವೆನಿಸಬಹುದು. ಆದರೆ ಜೇಡದ ಲೆಕ್ಕಾಚಾರ ಬೇರೆ. ಮರಿಗಳು ಉಳಿಯಲಾರವು ಎಂಬ ಸ್ಥಿತಿ ಬಂದರೆ ಅವುಗಳಿಗೆ ಸುರಿದ ಸತ್ವವನ್ನಾದರೂ ಮರಳಿ ಪಡೆದು, ಮುಂದಿನ ಸಲಕ್ಕೆ ತಾನು ಉಳಿಯುವುದು ಅದರ ದಾರಿ. ಫಲಿಸದ ಮೊಟ್ಟೆಗಳಿಗೂ ಹಲವು ಸಲ ಇದೇ ಗತಿ.

ಈ ಭಯದಿಂದಲೇ ಕೆಲವರು ಸುಮಾರು 30 ದಿನ ಕಳೆದ ಮೇಲೆ ಉದ್ದನೆಯ ಇಕ್ಕಳದಿಂದ ಚೀಲವನ್ನು ತಾಯಿಯಿಂದ ಬಿಡಿಸಿಕೊಳ್ಳುತ್ತಾರೆ. ಸಣ್ಣ ಡಬ್ಬಿಯೊಳಗೆ ಬಟ್ಟೆಯ ತೊಟ್ಟಿಲು ಕಟ್ಟಿ, ಬೆಚ್ಚಗಿಟ್ಟು, ದಿನಕ್ಕೆ ಹಲವು ಬಾರಿ ಕೈಯಿಂದಲೇ ಹೊರಳಿಸುತ್ತಾರೆ. ತಾಯಿ ಸದ್ದಿಲ್ಲದೆ ಮಾಡುವ ಕೆಲಸಕ್ಕೆ ಗಡಿಯಾರ ನೋಡಿಕೊಂಡು ಏಳಬೇಕು. ಇತ್ತ ತಾಯಿ ಕಳೆದುಹೋದ ಚೀಲಕ್ಕಾಗಿ ಪೆಟ್ಟಿಗೆಯೆಲ್ಲ ತಡಕಾಡುವುದುಂಟು. ತಾಯಿಯ ಬಳಿಯೇ ಬಿಡಬೇಕೆನ್ನುವವರು, ಬಿಡಿಸಿಕೊಳ್ಳಬೇಕೆನ್ನುವವರು ಎಂದು ಸಾಕುವವರಲ್ಲಿ ಎರಡು ಪಂಗಡ. ಮೊದಲನೆಯವರದು ನಂಬಿಕೆ, ಎರಡನೆಯವರದು ಎಚ್ಚರಿಕೆ.

ಚೀಲದೊಳಗೆ ಮೊಟ್ಟೆಗಳಿಗೆ ಮೊದಲು ಕಾಲು ಮೂಡುತ್ತವೆ. ಆಗ ಅವು ಕಾಲು ಬಂದ ಸಾಬೂದಾನಿ ಕಾಳುಗಳಂತೆ ಕಾಣುತ್ತವೆ. ಒಳಗಿನ ಬಂಡಾರ ಕರಗುತ್ತ ಬಂದಂತೆ ಪೊರೆ ಕಳಚಿ, ಬಣ್ಣ ತಳೆದು, ಕಡೆಗೆ ಪೂರ್ಣ ಜೇಡವಾಗಿ ಹೊರಬರುತ್ತವೆ. ಕೆಲವು ದಿನ ಒಟ್ಟಿಗಿದ್ದ ಮೇಲೆ ದಾಯಾದಿ ಕಲಹ ಆರಂಭ. ದೊಡ್ಡದು ಸಣ್ಣದನ್ನು ತಿನ್ನತೊಡಗುತ್ತದೆ. ಅಷ್ಟರಲ್ಲಿ ಒಂದೊಂದನ್ನೂ ಬೇರೆ ಬೇರೆ ಶೀಶೆಗೆ ಹಾಕಿ, ಹಣ್ಣಿನ ನೊಣವನ್ನೋ ಎಳೆ ಚಿಮ್ಮಂಡೆಯನ್ನೋ ಕೊಡಬೇಕು. ನೂರಾರು ಶೀಶೆ, ನೂರಾರು ಬಾಯಿ!

ಇಷ್ಟೆಲ್ಲ ಪಾಡು ಹವ್ಯಾಸಕ್ಕಾಗಿ ಮಾತ್ರವೇ? ಅಲ್ಲ. ಕೆಂಪು ಮಂಡಿಯ ಜೇಡಗಳನ್ನು ಮೆಕ್ಸಿಕೊದ ಕಾಡುಗಳಿಂದ ಬಾಚಿ ಮಾರುವ ದಂಧೆ ಹೆಚ್ಚಿದ್ದರಿಂದ, 1985ರಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧಕ್ಕೆ ಅದನ್ನು ಸೇರಿಸಲಾಯಿತು. ಪರವಾನಗಿಯಿಲ್ಲದೆ ಗಡಿ ದಾಟಿಸುವುದು ಅಪರಾಧವಾಯಿತು. ಪೆಟ್ಟಿಗೆಯಲ್ಲೇ ಹುಟ್ಟಿದ ಮರಿಗಳು ಸಿಕ್ಕರೆ ಕಾಡಿನವನ್ನು ಹಿಡಿಯುವ ಅಗತ್ಯವಿಲ್ಲ. ತಾಯಿಯೊಂದು ನೆಮ್ಮದಿಯಿಂದ ಕಾದ ಒಂದು ಚೀಲ, ದೂರದ ಕಾಡಿನ ನೂರಾರು ಬಿಲಗಳನ್ನು ಉಳಿಸಬಲ್ಲದು.

ಈ ಕಥೆಗೆ ನಮ್ಮ ನೆರೆಯ ಪಾತ್ರವೂ ಒಂದಿದೆ. ಆಂಧ್ರದ ಗುತ್ತಿಯ ರೈಲ್ವೆ ಮರದ ಡಿಪೊದಲ್ಲಿ ಸಿಕ್ಕ ನೀಲಿ ಹೊಳಪಿನ ಟರಂಟುಲಾ ಒಂದನ್ನು 1899ರಲ್ಲಿ ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ವರ್ಣಿಸಿದರು. ಮರದ ದಿಮ್ಮಿಯೊಂದಿಗೆ ರೈಲಿನಲ್ಲಿ ಬಂದಿದ್ದಿರಬೇಕು. ಆಮೇಲೆ ಶತಮಾನ ಕಾಲ ಅದರ ಸುಳಿವಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಇಂದು ಯೂರೋಪು, ಅಮೆರಿಕದ ಪೆಟ್ಟಿಗೆಗಳಲ್ಲಿ ಅದು ಸಂತಾನ ಬೆಳೆಸುತ್ತಿದೆ; ತವರಿನಲ್ಲಿ ಮಾತ್ರ ಅಳಿವಿನ ಅಂಚಿನಲ್ಲಿದೆ. ಭಾರತ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ ಇರುವ ಅದರ ಇಡೀ ಕುಲವನ್ನು 2019ರಲ್ಲಿ ಅದೇ ಅನುಬಂಧಕ್ಕೆ ಸೇರಿಸಲಾಯಿತು. ಅದರ ಬಳಗ ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲೂ ಇದೆ. ಕಂಡರೆ ದೂರದಿಂದ ನೋಡಬೇಕೇ ಹೊರತು ಹಿಡಿದು ತರಬಾರದು. ಅದರ ಕಡಿತದಿಂದ ಸ್ನಾಯುಗಳು ಹಿಡಿದುಕೊಂಡು ನೋಯುತ್ತವೆ.

ಜೇಡದ ತಾಯ್ತನ ನೋಡಲು ಪೆಟ್ಟಿಗೆಯೂ ಬೇಡ, ವಿದೇಶವೂ ಬೇಡ. ಹಳೆಯ ಮನೆಗಳ ಬಚ್ಚಲ ಗೋಡೆಯ ಮೇಲೆ, ಉದ್ದ ಕಾಲಿನ ಚಪ್ಪಟೆ ಕಂದು ಜೇಡವೊಂದು ಎದೆಯಡಿ ಬಿಳಿ ಬಿಲ್ಲೆಯೊಂದನ್ನು ಹಿಡಿದು ನಿಂತಿರುವುದನ್ನು ಮಕ್ಕಳು ನೋಡಿರಬಹುದು. ಆ ಬಿಲ್ಲೆಯೇ ಅದರ ಮೊಟ್ಟೆಚೀಲ. ಬಲೆ ಹೆಣೆಯದೆ ಜಿರಲೆ ಹಿಡಿಯುವ ಬಡಪಾಯಿ ಅದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆ ಜೇಡಕ್ಕೂ ತನ್ನ ಬಿಲ್ಲೆ ಅಷ್ಟೇ ಮುದ್ದು. ಮುಂದಿನ ಸಲ ಕಂಡಾಗ ಅಪ್ಪ, ಅಮ್ಮ ಪೊರಕೆಯನ್ನು ಮೂಲೆಗಿಟ್ಟು, ಮಕ್ಕಳ ಕೈಗೆ ನೋಟುಪುಸ್ತಕ ಕೊಡಲಿ. ಎಷ್ಟು ದಿನ ಹಿಡಿದಿತ್ತು, ಎಲ್ಲಿಂದ ಎಲ್ಲಿಗೆ ಸರಿಯಿತು, ಮರಿಗಳು ಎಂದು ಹೊರಬಂದವು ಎಂದು ಬರೆದಿಡಲಿ. ಮುಟ್ಟದೆ, ಕೆಣಕದೆ ಕಾದು ನೋಡುವುದೂ ಒಂದು ವಿದ್ಯೆ.