ನೀರು ತರುವವರು ಯಾರು, ಹೆಸರು ಬರೆಯುವವರು ಯಾರು?



ವಿಜ್ಞಾನಕ್ಕೆ ಜಾತಿಯಿಲ್ಲ ಅನ್ನೋ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಿಜ. ನೀರು ಕುದಿಯುವಾಗ ಒಲೆ ಯಾರ ಮನೆಯದು ಎಂದು ಕೇಳುವುದಿಲ್ಲ. ಬೀಜ ಮೊಳೆಯುವಾಗ ಬಿತ್ತಿದವನ ಕುಲ ಕೇಳುವುದಿಲ್ಲ. ಆದರೆ ವಿಜ್ಞಾನ ಕಲಿಸುವ ಕೋಣೆಗೆ ಜಾತಿಯಿದೆ. ಅಲ್ಲಿ ನೀರು ತರುವವರು ಯಾರು, ಬರೆಯುವವರು ಯಾರು, ಕಡೆಗೆ ಎದ್ದು ನಿಂತು ಹೇಳುವವರು ಯಾರು? ಒಂದು ವಾರ ಕಣ್ಣು ಬಿಟ್ಟು ನೋಡಿದರೆ ಸಾಕು, ಊರು ಎಲ್ಲಿ, ಕೇರಿ ಎಲ್ಲಿ ಅನ್ನೋದು ಆ ಕೋಣೆಯಲ್ಲೇ ಗೊತ್ತಾಗುತ್ತದೆ.

ನಾವು ನೋಡಿದ್ದನ್ನೇ ಹೇಳುತ್ತೇವೆ. ನಾವು ನಾಲ್ಕು ಜನ, ಬಿ.ಎ. ಮುಗಿಸಿ ಬಿ.ಎಡ್.ಗೆ ಸೇರಿದವರು, ಹಾಸ್ಟೆಲಿನ ಅನ್ನ ಉಂಡವರು. 2015ರಿಂದ ಬಿ.ಎಡ್. ಎರಡು ವರ್ಷದ್ದಾಗಿದೆ. ಅದರೊಳಗೆ ವಾರಗಟ್ಟಲೆ ಶಾಲೆಯಲ್ಲೇ ಇದ್ದು ಪಾಠ ಮಾಡಬೇಕು. ಹಾಗೆ ನಾವು ಹೋಗಿದ್ದು ರಾಣೇಬೆನ್ನೂರು ತಾಲೂಕಿನ ಕುಪ್ಪೇಲೂರಿನ ಸೀಮೆಯ ಒಂದು ಶಾಲೆಗೆ. ಶಾಲೆಯ ಹೆಸರು ಬೇಡ. ಹೆಸರು ಹೇಳಿದರೆ ಅದೊಂದೇ ಶಾಲೆಯ ತಪ್ಪು ಎಂದು ಉಳಿದವರೆಲ್ಲ ಕೈ ತೊಳೆದುಕೊಳ್ಳುತ್ತಾರೆ. ನಾವು ಕವಿತೆ, ಇತಿಹಾಸ ಓದಿಕೊಂಡವರು. ಆದರೆ ಅಲ್ಲಿ ವಿಜ್ಞಾನದ ಪಾಠಕ್ಕೆ ಆಳು ಸಾಲದಿದ್ದುದರಿಂದ ಏಳನೇ ಇಯತ್ತೆಯ ಮಕ್ಕಳ ವಿಜ್ಞಾನದ ಗುಂಪು ಯೋಜನೆಗಳು ನಮ್ಮ ಕೊರಳಿಗೆ ಬಿದ್ದವು.

ಯೋಜನೆಗಳು ಮೂರು. ಮರಳು, ಜಲ್ಲಿ, ಇದ್ದಿಲು ಹಾಕಿ ನೀರು ಸೋಸುವುದು. ಊರ ಸುತ್ತಿನ ಎರೆಮಣ್ಣು, ಮಸಾರಿಮಣ್ಣು ತಂದು ಯಾವುದು ಎಷ್ಟು ನೀರು ಹಿಡಿಯುತ್ತದೆ ಎಂದು ಅಳೆಯುವುದು. ಹೂವಿನ ಭಾಗಗಳನ್ನು ಬಿಡಿಸಿ ಪರಾಗಸ್ಪರ್ಶ ತೋರಿಸುವುದು. ನಾವು ಹೋಗುವ ಮೊದಲೇ ಗುಂಪುಗಳಾಗಿದ್ದವು, ಗುಂಪಿಗೊಬ್ಬ ಲೀಡರೂ ಇದ್ದ. ಲೀಡರುಗಳು ಯಾರ ಮನೆಯ ಮಕ್ಕಳು ಎಂದು ನಾವು ಬಾಯಿಬಿಟ್ಟು ಹೇಳಬೇಕೆ?

ಮೊದಲ ವಾರ ನಾವು ಸುಮ್ಮನೆ ಕೂತು ನೋಡಿದೆವು. ಹಳ್ಳದ ಮರಳು ಹೊತ್ತು ತಂದವರು ಕೇರಿಯ ಹುಡುಗರು. ಇದ್ದಿಲು ಕುಟ್ಟಿದವರು ಅವರೇ. ಎರೆಮಣ್ಣು ತಂದವರು, ಕೊನೆಗೆ ಕಸ ಬಳಿದವರು ಅವರೇ. ಚಾರ್ಟಿಗೆ ಬಣ್ಣದ ಪೆನ್ನು ಹಿಡಿದವರು ಬೇರೆ. ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದುಕೊಂಡವರು ಬೇರೆ. ಸೋಸಿದ ನೀರನ್ನು ಗ್ಲಾಸಿಗೆ ಹಾಕುವ ಹೊತ್ತು ಬಂದಾಗ ಮರಳು ಹೊತ್ತ ಹುಡುಗ ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದ. ಅವನಿಗೆ ಯಾರೂ ಸರಿ ಅನ್ನಲಿಲ್ಲ, ಅನ್ನುವ ಜರೂರಿಯೂ ಇರಲಿಲ್ಲ. ಹನ್ನೆರಡು ವರ್ಷದ ಮಗುವಿಗೆ ಆ ಪಾಠ ಯಾವ ಮೇಷ್ಟ್ರೂ ಇಲ್ಲದೆ ಬಾಯಿಪಾಠವಾಗಿದೆ.

ನಾವು ಕೇಳಿದ್ದಕ್ಕೆ ಬಂದ ಉತ್ತರ ಇದು: "ಅವರು ಕೈಕೆಲಸಕ್ಕ ಚಲೋ ಅದಾರ್ರಿ, ಇವರು ಬರಿಯೋದಕ್ಕ ಚಲೋ ಅದಾರ. ಯಾರಿಗೆ ಏನ್ ಬರ್ತೈತಿ ಅದನ್ನ ಮಾಡ್ಲಿ ಬಿಡ್ರಿ." ಕೇಳೋಕೆ ಎಷ್ಟು ನಯವಾದ ಮಾತು! ಇದರಲ್ಲಿ ಬೈಗುಳ ಇಲ್ಲ, ದ್ವೇಷ ಇಲ್ಲ. ಸಾವಿರ ವರ್ಷ ನಮ್ಮ ಅಪ್ಪ, ಅಜ್ಜಂದಿರಿಗೆ ಹೇಳಿದ್ದೂ ಇದೇ ಮಾತು ಅಲ್ಲವೆ? ಯಾರಿಗೆ ಏನು ಬರುತ್ತದೋ ಅದು. ಬೇರೆಯದನ್ನು ಕಲಿಯಲು ಬಿಟ್ಟವರು ಯಾರು?

ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶದ ಬಗ್ಗೆ ಬರೆದ ಪುಸ್ತಕದಲ್ಲಿ ಈ ವಾದದ ಬೇರನ್ನೇ ಕಿತ್ತಿದ್ದಾರೆ. ಜಾತಿ ಎಂದರೆ ಕೆಲಸವನ್ನು ಹಂಚಿಕೊಳ್ಳುವ ಏರ್ಪಾಟು ಎಂದು ಸಮರ್ಥಿಸುವವರಿಗೆ ಅವರು ಕೊಟ್ಟ ಉತ್ತರ, ಅದು ಕೆಲಸದ ಹಂಚಿಕೆಯಷ್ಟೇ ಅಲ್ಲ, ಕೆಲಸ ಮಾಡುವವರನ್ನೇ ಹೋಳು ಮಾಡಿ ಒಬ್ಬರ ಮೇಲೊಬ್ಬರನ್ನು ಇಡುವ ಏರ್ಪಾಟು ಎಂಬುದು. ಶಾಲೆಯ ಗುಂಪು ಯೋಜನೆಯಲ್ಲಿ ನಾವು ಕಂಡದ್ದು ಅದೇ. ಒಬ್ಬ ಇವತ್ತು ಮಣ್ಣು ತಂದು ನಾಳೆ ಬರೆದರೆ ಅದು ಕೆಲಸದ ಹಂಚಿಕೆ. ಒಬ್ಬನೇ ವರ್ಷವೆಲ್ಲ ಮಣ್ಣು ತಂದು ಇನ್ನೊಬ್ಬನೇ ವರ್ಷವೆಲ್ಲ ಬರೆದರೆ ಅದು ಜಾತಿ. ಹೆಸರು ಮಾತ್ರ 'ಚಟುವಟಿಕೆ'.

ಇದು ಹೊಸದೂ ಅಲ್ಲ. ಬಾಬಾಸಾಹೇಬರು ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು ಒಂದು ಲೆಕ್ಕ ಬಿಡಿಸಲು ಅವರನ್ನು ಬೋರ್ಡಿಗೆ ಕರೆದರು. ಕೂಡಲೇ ತರಗತಿಯಲ್ಲಿ ಗದ್ದಲ. ಯಾಕೆಂದರೆ ಬೋರ್ಡಿನ ಹಿಂದೆ ಹುಡುಗರ ಬುತ್ತಿ ಡಬ್ಬಿಗಳಿದ್ದವು! ಓಡಿಹೋಗಿ ಡಬ್ಬಿ ಎತ್ತಿಕೊಂಡ ಮೇಲೆಯೇ ಅವರು ಬೋರ್ಡು ಮುಟ್ಟಿದ್ದು. ಧನಂಜಯ ಕೀರ್ ಬರೆದ ಜೀವನ ಚರಿತ್ರೆಯಲ್ಲಿ ಈ ಸಂಗತಿಯಿದೆ. ಇವತ್ತು ಡಬ್ಬಿ ಎತ್ತಿಕೊಂಡು ಓಡುವವರು ಕಡಿಮೆಯಾಗಿರಬಹುದು. ಬೋರ್ಡಿಗೆ ಕರೆಯುವುದನ್ನೇ ಬಿಟ್ಟರೆ ಡಬ್ಬಿ ಎತ್ತುವ ಕಷ್ಟವೇ ಇಲ್ಲವಲ್ಲ!

ಈಗ ಮೂರನೇ ಗುಂಪಿನ ಮಾತು. ಇದನ್ನು ನೀವು ಗಮನವಿಟ್ಟು ಓದಬೇಕು.

ಹೂವಿನ ಗುಂಪಿನವರು ಗೈಡು ನೋಡಿ ಚಂದದ ಚಾರ್ಟು ಬರೆದಿದ್ದರು. ದಾಸವಾಳದ ಚಿತ್ರ, ಕೇಸರ, ಶಲಾಕಾಗ್ರ, ಅಂಡಾಶಯ, ಎಲ್ಲಕ್ಕೂ ಬಾಣದ ಗುರುತು. ನಮ್ಮ ಸೀಮೆ ಬೀಜೋತ್ಪಾದನೆಗೆ ಹೆಸರಾದದ್ದು ಅಂತ ಹೈಬ್ರಿಡ್ ಬೀಜ ಮಾಡುವ ಕ್ರಮವನ್ನೂ ಕೆಳಗೆ ಬರೆದಿದ್ದರು. ಹೂ ಪೂರ್ತಿ ಅರಳಿದ ಮೇಲೆ ಅದರ ಕೇಸರ ಕೀಳಬೇಕು, ಆಮೇಲೆ ಬೇರೆ ಗಿಡದ ಪರಾಗ ಹಚ್ಚಬೇಕು ಎಂದು. ಅಕ್ಷರ ಮುತ್ತಿನಂತೆ ಇತ್ತು. ಸಂಗತಿ ಮಾತ್ರ ತಪ್ಪು.

ಆ ಗುಂಪಿನಲ್ಲೇ ಕೇರಿಯ ಒಬ್ಬ ಹುಡುಗಿ ಇದ್ದಳು. ಗೋಂದು ಹಚ್ಚುವ ಕೆಲಸ ಅವಳದು. ಎರಡನೇ ವಾರ ನಾವು ಲೀಡರುಗಳನ್ನು ತೆಗೆದು, ಹೇಳುವ ಪಾಳಿ ಎಲ್ಲರಿಗೂ ಹಚ್ಚಿದೆವು. ಅವಳ ಪಾಳಿ ಬಂತು. ಬಹಳ ಹೊತ್ತು ನೆಲ ನೋಡುತ್ತ ನಿಂತಳು. ಆಮೇಲೆ ಅಂದಳು: "ಹಂಗಲ್ರಿ ಸರ. ಮೊಗ್ಗ ಇದ್ದಾಗನ ತಗೀಬೇಕ್ರಿ. ಅರಳಿತಂದ್ರ ಮುಗೀತ್ರಿ, ಅದರದ ಅದಕ್ಕ ಹತ್ತಿಬಿಡ್ತೈತಿ."

ಅಂಗಳದ ದಾಸವಾಳದ ಗಿಡದಿಂದ ಮರುದಿನ ಅರಳುವಂಥ ಒಂದು ಮೊಗ್ಗು ಕಿತ್ತು ತಂದಳು. ದಾಸವಾಳ, ಹತ್ತಿ, ಬೆಂಡಿ ಎಲ್ಲ ಒಂದೇ ಕುಟುಂಬದ ಗಿಡಗಳು. ಎಲ್ಲದರಲ್ಲೂ ಕೇಸರಗಳು ಶಲಾಕೆಯ ಸುತ್ತ ಕೊಳವೆಯಂತೆ ಅಂಟಿಕೊಂಡಿರುತ್ತವೆ. ಅವಳು ಹೆಬ್ಬೆರಳ ಉಗುರಿನಿಂದ ದಳವನ್ನೂ ಕೇಸರದ ಕೊಳವೆಯನ್ನೂ ಸುಲಿದು ತೆಗೆದಳು. ಒಳಗಿನ ಶಲಾಕೆಗೆ ಒಂದು ಗೀರೂ ಬೀಳಲಿಲ್ಲ. ಹೊತ್ತು ಇಳಿದಾಗ ಹೀಗೆ ಮೊಗ್ಗು ಸುಲಿದು ಗುರುತು ಮಾಡುವುದು, ಮರುದಿನ ಬೆಳಿಗ್ಗೆ ಗಂಡು ಹೂ ತಂದು ತುದಿಗೆ ಸವರುವುದು, ದಾರ ಕಟ್ಟುವುದು, ಒಂದು ಗಂಡು ಹೂವಿನಿಂದ ನಾಲ್ಕೈದು ಹೂವಿಗೆ ಆಗುತ್ತದೆ ಎಂಬುದು, ಎಲ್ಲವನ್ನೂ ಹೇಳಿದಳು. ಕೋಣೆ ಗಪ್ಪಾಯಿತು. ಪರಾಗಕೋಶ ಎಂಬ ಶಬ್ದ ಅವಳಿಗೆ ಗೊತ್ತಿರಲಿಲ್ಲ. ಅದು ಎಲ್ಲಿರುತ್ತದೆ, ಯಾವಾಗ ಒಡೆಯುತ್ತದೆ ಎಂಬುದು ಗೊತ್ತಿತ್ತು. ಚಾರ್ಟು ಬರೆದವರಿಗೆ ಶಬ್ದ ಗೊತ್ತಿತ್ತು.

ಗೆಳೆಯರೆ, ಜಾತಿ ಅನ್ಯಾಯ ಎಂದು ನಾವು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಇಲ್ಲಿ ನಾವು ಕಂಡದ್ದು ಇನ್ನೂ ಒಂದಿದೆ. ಜಾತಿಯಿಂದ ವಿಜ್ಞಾನವೇ ಕೆಡುತ್ತದೆ. ತಿಳಿದವಳು ಗೋಂದು ಹಚ್ಚುತ್ತ ಕೂತಿದ್ದಳು. ತಿಳಿಯದವರು ಬರೆದರು. ಕೇಳುವವರಿಲ್ಲದೆ ತಪ್ಪು ಗೋಡೆಗೇರಿತು. 'ಮೇಷ್ಟ್ರಾದವರು ವಿಜ್ಞಾನ ಕಲಿಸಲಿ, ಜಾತಿಯ ಸುದ್ದಿ ಯಾಕೆ' ಎನ್ನುವವರಿಗೆ ಇದೇ ನಮ್ಮ ಉತ್ತರ. ಜಾತಿಯ ಸುದ್ದಿ ಎತ್ತದೆ ಹೋಗಿದ್ದರೆ ಆ ಹೂವಿನ ಪಾಠವೇ ತಪ್ಪಾಗಿ ಉಳಿಯುತ್ತಿತ್ತು. ನೋಡುವುದು, ಕೇಳುವುದು, ಪರೀಕ್ಷೆ ಮಾಡುವುದು ವಿಜ್ಞಾನ. ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು ಎಂದು ಹುಟ್ಟಿನಿಂದಲೇ ಗೆರೆ ಎಳೆದಿಟ್ಟ ಮೇಲೆ ಅದು ವಿಜ್ಞಾನ ಹೇಗಾದೀತು? ಪುಸ್ತಕದಲ್ಲಿ ಪರಾಗಸ್ಪರ್ಶ, ಬೆಂಚಿನಲ್ಲಿ ಅಸ್ಪೃಶ್ಯತೆ. ಎರಡೂ ಒಂದೇ ಕೋಣೆಯಲ್ಲಿ ಬಾಳಲಾರವು.

ಆದರೆ ಆ ಹುಡುಗಿಯನ್ನು ಹೊಗಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವಂತಿಲ್ಲ. ಅವಳಿಗೆ ಆ ವಿದ್ಯೆ ಎಲ್ಲಿಂದ ಬಂತು? ಹಾಜರಿ ಪುಸ್ತಕ ತೆಗೆದು ನೋಡಿ. ಹತ್ತಿ ಹೂ ಬಿಡುವ ತಿಂಗಳುಗಳಲ್ಲಿ ಅವಳ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ. ಅವ್ವನ ಜೊತೆ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದಳು.

ಇದರ ಹಿಂದಿನ ಕಥೆಯೂ ನಮಗೆ ತಿಳಿದಿರಬೇಕು. 1972ರಲ್ಲಿ ನಮ್ಮ ಧಾರವಾಡದಲ್ಲೇ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ತಳಿಯನ್ನು ರೂಪಿಸಿದರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ತಳಿ ಅದು. 1981ರಲ್ಲಿ ಅಲ್ಲಿಂದಲೇ ಡಿ.ಸಿ.ಎಚ್. 32 ಬಂತು. ದೊಡ್ಡ ಕೆಲಸ, ನಮ್ಮ ನಾಡಿನ ಹೆಮ್ಮೆ. ಆದರೆ ಹೈಬ್ರಿಡ್ ಬೀಜದ ಗುಣ ಏನು? ಒಂದು ಸಲ ಬೆಳೆದ ಬೆಳೆಯ ಬೀಜವನ್ನೇ ಮತ್ತೆ ಬಿತ್ತಿದರೆ ಅದೇ ಗುಣ ಉಳಿಯುವುದಿಲ್ಲ. ಹಾಗಾಗಿ ಪ್ರತಿ ವರ್ಷ ಹೊಸದಾಗಿ ಬೀಜ ಮಾಡಬೇಕು. ಪ್ರತಿ ವರ್ಷ ಒಂದೊಂದು ಹೂವನ್ನೂ ಕೈಯಲ್ಲಿ ಸುಲಿಯಬೇಕು, ಕೈಯಲ್ಲಿ ಸವರಬೇಕು. ಅಷ್ಟು ಕೈಗಳು ಎಲ್ಲಿಂದ ಬಂದವು? ಹೆಂಗಸರಿಂದ, ಮಕ್ಕಳಿಂದ. ಸಣ್ಣ ಬೆರಳು, ಸಣ್ಣ ಕೂಲಿ. ಕಡ್ಡಾಯ ಶಿಕ್ಷಣದ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2016ರ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೂಲಿಗೂ ಹಚ್ಚುವಂತಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಬಹುದು ಎಂದು ಅದೇ ಕಾಯಿದೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಆ ಕಿಂಡಿಯೊಳಗೆ ಎಷ್ಟು ಮಕ್ಕಳು ತೂರಿ ಹೋದರೋ!

ಆದ್ದರಿಂದ ನಮ್ಮ ಮಾತು ಎರಡು ಅಂಚಿನದು. ಕೇರಿಯ ಮಕ್ಕಳ ಕೈಯಲ್ಲಿರುವ ತಿಳುವಳಿಕೆಯನ್ನು ಶಾಲೆ ವಿಜ್ಞಾನವೆಂದು ಒಪ್ಪಬೇಕು. ಹಾಗೆಯೇ ಆ ತಿಳುವಳಿಕೆಗಾಗಿ ಅವರು ಕೊಟ್ಟ ಬೆಲೆಯನ್ನು ಇನ್ನು ಮುಂದೆ ಕೊಡದಂತೆ ನೋಡಿಕೊಳ್ಳಬೇಕು. ಆ ಹುಡುಗಿಯ ಉಗುರು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಶಾಲೆಗೆ ಹೋಗಬೇಕು. ಕಂಪನಿ ಬೀಜದ ಹೊಲಕ್ಕೆ ಅಲ್ಲ.

ಗುಂಪು ಕಟ್ಟಿ ವಿಜ್ಞಾನ ಕಲಿಸುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಿಂದ ಶುರುವಾದ ವಿಜ್ಞಾನ ಶಿಕ್ಷಣದ ಕಾರ್ಯಕ್ರಮದಲ್ಲಿ ಮಕ್ಕಳು ನಾಲ್ಕು ನಾಲ್ಕು ಜನರ ಟೋಳಿ ಮಾಡಿಕೊಂಡು ತಾವೇ ಪ್ರಯೋಗ ಮಾಡಿ, ತಾವೇ ಚರ್ಚಿಸಿ, ತಾವೇ ಬರೆದುಕೊಳ್ಳುತ್ತಿದ್ದರು. ಹೊಲ, ಕೆರೆ, ಹಳ್ಳ ಎಲ್ಲ ಪಾಠಶಾಲೆ. ಮೂವತ್ತು ವರ್ಷ ನಡೆದ ಆ ಕೆಲಸವನ್ನು 2002ರಲ್ಲಿ ಅಲ್ಲಿನ ಸರಕಾರ ನಿಲ್ಲಿಸಿತು. ಅಂದರೆ ಬಡ ಹಳ್ಳಿಯ ಸರಕಾರಿ ಶಾಲೆಯಲ್ಲಿ ಇದು ಆಗದ ಮಾತಲ್ಲ. ಆಗಿತ್ತು.

ನಮ್ಮಲ್ಲಿ ನೂರಾರು ಜನ ಡಿ.ಎಡ್., ಬಿ.ಎಡ್. ಓದುತ್ತಿದ್ದೀರಿ. ನಾಳೆ ಒಂದೊಂದು ಶಾಲೆಗೆ ಹೋಗುವವರು ನೀವು. ನಾವು ಮಾಡಿ ನೋಡಿ, ನಡೆಯುತ್ತದೆ ಅನಿಸಿದ ನಾಲ್ಕು ಮಾತು ಹೇಳುತ್ತೇವೆ. ಗುಂಪನ್ನು ಚೀಟಿ ಎತ್ತಿ ಮಾಡಿ, ಕೂತ ಸಾಲಿನಂತೆ ಮಾಡಬೇಡಿ. ಲೀಡರು ಬೇಡ. ತರುವುದು, ಮಾಡುವುದು, ಬರೆಯುವುದು, ಹೇಳುವುದು ಈ ನಾಲ್ಕೂ ಪಾಳಿಯಂತೆ ಪ್ರತಿ ಮಗುವಿಗೂ ಬರಲಿ, ಕಸ ಗುಡಿಸುವುದೂ ಸಹ. ಮನೆಯಿಂದ ಚಾರ್ಟು, ಥರ್ಮಾಕೋಲು ತರಲು ಹೇಳಬೇಡಿ. ದುಡ್ಡು ತಂದವನೇ ಯೋಜನೆಯ ಒಡೆಯನಾಗುತ್ತಾನೆ. ಹೆಸರುಗಳನ್ನು ಅಕಾರಾದಿಯಾಗಿ ಬರೆಯಿಸಿ.

ಸಿಟ್ಟಾದವರು ಬರುತ್ತಾರೆ. ನಮ್ಮಲ್ಲಿಗೂ ಬಂದರು. "ನಮ್ಮ ಹುಡುಗನ ಕೈಲಿ ಕಸಬರಿಗಿ ಹಿಡಿಸೀರೆನ್ರಿ?" ಎಂದು ಒಬ್ಬರು ಕೇಳಿದರು. ಹೌದ್ರಿ, ಉಳಿದ ಮೂರು ದಿನ ಪೆನ್ನೂ ಹಿಡಿಸೀವ್ರಿ ಅಂದೆವು. ಜಗಳ ಬೆಳೆಯಲಿಲ್ಲ. ಪ್ರತಿ ಸಲವೂ ಬೆಳೆಯುವುದಿಲ್ಲ ಎಂದು ನಾವು ಹೇಳಲಾರೆವು. ಆಗ ಒಬ್ಬೊಬ್ಬರೇ ನಿಲ್ಲಬೇಡಿ, ಜೊತೆಯಾಗಿ ನಿಲ್ಲಿ. ಅದಕ್ಕೇ ನಮಗೆ ಸಂಘಟನೆ ಇರುವುದು.

ವಿಜ್ಞಾನ ನಮ್ಮದಲ್ಲ, ನಮಗೆ ಆರ್ಟ್ಸೇ ಸಾಕು ಎಂದು ಹಾಸ್ಟೆಲಿನಲ್ಲಿ ಕೂತು ಹೇಳುವ ಗೆಳೆಯರಿಗೆ ಒಂದು ಮಾತು. ಮೇಘನಾದ ಸಾಹಾ ಕಲ್ಕತ್ತೆಯ ಈಡನ್ ಹಿಂದೂ ಹಾಸ್ಟೆಲಿನಲ್ಲಿದ್ದಾಗ ಅವರು ಕೆಳಜಾತಿಯ ಅಂಗಡಿಕಾರನ ಮಗ ಎಂದು ಜೊತೆಗೆ ಕೂತು ಉಣ್ಣಲು ಮೇಲ್ಜಾತಿಯ ಹುಡುಗರು ಒಪ್ಪಲಿಲ್ಲ. ಅದೇ ಹುಡುಗ 1920ರಲ್ಲಿ ನಕ್ಷತ್ರಗಳ ಬೆಳಕನ್ನು ಓದಿ ಅವುಗಳ ಕಾವು ತಿಳಿಯುವ ಸೂತ್ರ ಕೊಟ್ಟರು. ಇವತ್ತಿಗೂ ಲೋಕದ ಭೌತಶಾಸ್ತ್ರದ ಪುಸ್ತಕಗಳಲ್ಲಿ ಅದು ಸಾಹಾ ಸಮೀಕರಣ. ಊಟದ ಪಂಕ್ತಿಯಿಂದ ಎಬ್ಬಿಸಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ನಮ್ಮ ಕೇರಿಗಳಲ್ಲಿ ಮಣ್ಣು ಬಲ್ಲವರಿದ್ದಾರೆ, ತೊಗಲು ಹದ ಮಾಡಬಲ್ಲವರಿದ್ದಾರೆ, ಮೊಗ್ಗು ಸುಲಿಯಬಲ್ಲ ಮಕ್ಕಳಿದ್ದಾರೆ. ಅವರ ಕೈಗೆ ಪೆನ್ನು ಕೊಡಿಸಬೇಕು. ಪೆನ್ನು ಹಿಡಿದವರ ಕೈಗೆ ಮಣ್ಣು ಹಚ್ಚಿಸಬೇಕು. ಎರಡೂ ಆಗಬೇಕು, ಈ ವರ್ಷವೇ ಆಗಬೇಕು, ನೀವು ಹೋಗುವ ಮೊದಲ ಶಾಲೆಯಿಂದಲೇ ಆಗಬೇಕು.